ಸೆಕೆಂಡಿಗೆ 250 ಸಲವೋ, 1000 ಸಲವೋ? ಕರ್ನಲ್ ಟಿಕ್ ಅಳೆಯಲು ಹೋದವನ ಪಾಡು

ಹೋದ ಏಪ್ರಿಲ್‌ನಲ್ಲಿ ಎರಡು ದಿನ ನಾನು ಒಂದು ಸುಳ್ಳನ್ನು ಪೂರ್ತಿ ನಂಬಿಕೊಂಡಿದ್ದೆ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು ಅದು) ಟೈಮರ್ ಸೆಟ್ಟಿಂಗನ್ನು 250ರಿಂದ 1000ಕ್ಕೆ ಏರಿಸಿದರೆ ಕಂಪ್ಯೂಟರ್ ಸಿಕ್ಕಾಪಟ್ಟೆ ನಿಧಾನ ಆಗುತ್ತೆ ಅನ್ನೋ ಸುಳ್ಳು. ಬೇರೆ ಯಾರೋ ಹೇಳಿದ್ದಾದರೆ ಅನುಮಾನ ಪಡುತ್ತಿದ್ದೆ, ಆದರೆ ಇದನ್ನು ಅಳೆದವನು ನಾನೇ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆ ಮಹಡಿಯ ರೂಮಿನಲ್ಲಿ ಕೂತು, ಬೆಳಗ್ಗೆ 250ರ ಕರ್ನಲ್ ಬೂಟ್ ಮಾಡಿ ಒಂದು ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡಿದೆ (ಅಂದರೆ ಬರೆದ ಕೋಡನ್ನು ಮಷೀನ್ ಓಡಿಸುವ ರೂಪಕ್ಕೆ ತಂದೆ), ಸಮಯ ಬರೆದುಕೊಂಡೆ. ಮಧ್ಯಾಹ್ನ ಊಟ ಆದ ಮೇಲೆ 1000ದ ಕರ್ನಲ್ ಹಾಕಿ ಅದೇ ಕೆಲಸ ಹಚ್ಚಿ, ಕೆಳಗೆ ಬಂದು ಮಲಗಿದೆ. ಎದ್ದು ನೋಡಿದರೆ ಎರಡನೆಯದು ಎಷ್ಟೋ ಹೊತ್ತು ಜಾಸ್ತಿ ತಿಂದಿತ್ತು.

ಮೂರನೇ ದಿನ ಅಮ್ಮ ಯಾವುದೋ ಮಾತಿಗೆ "ಅವತ್ತ ಮಧ್ಯಾಹ್ನ ಕರೆಂಟ್ ಇರಲಿಲ್ಲಲ್ಲೋ, ಮಿಕ್ಸರ್ ಹಚ್ಚಾಕ ಆಗಲಿಲ್ಲ" ಅಂದಾಗ ತಲೆಗೆ ಹೊಳೆಯಿತು. ಕೆಳಗೆ ಫ್ಯಾನ್ ಇನ್ವರ್ಟರ್ ಮೇಲೆ ತಿರುಗುತ್ತಿತ್ತು, ಹಾಗಾಗಿ ನನಗೆ ಗೊತ್ತೇ ಆಗಿರಲಿಲ್ಲ. ಮಹಡಿ ರೂಮಿನ ಪ್ಲಗ್ ಪಾಯಿಂಟಿಗೆ ಇನ್ವರ್ಟರ್ ಲೈನ್ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದಿದೆ, ಬ್ಯಾಟರಿಗೆ ಇಳಿದ ಕೂಡಲೇ ಪವರ್ ಉಳಿಸೋಕೆ ಅಂತ ಸಿಪಿಯು ವೇಗ ತಗ್ಗಿಸಿಕೊಂಡಿದೆ. ನಾನು ಅಳೆದದ್ದು ಕರ್ನಲ್ ಟೈಮರನ್ನಲ್ಲ, ಕರೆಂಟ್ ಹೋದದ್ದನ್ನು.

ಈ ಟೈಮರ್ ಸೆಟ್ಟಿಂಗ್ ವಿಷಯದಲ್ಲಿ ಹೀಗೆ ಮೋಸ ಹೋಗೋದು ಬಹಳ ಸುಲಭ. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಮೊದಲು ಈ ಟಿಕ್ ಅಂದರೆ ಏನು ಅಂತ ನೋಡಬೇಕು.

ಒಂದು ಖಾನಾವಳಿ ಅಂದುಕೊಳ್ಳಿ. ಮಧ್ಯಾಹ್ನ ಒಂದೂವರೆ, ಕುರ್ಚಿ ಒಂದೇ, ಉಣ್ಣುವವರು ನಾಲ್ಕು ಜನ. ಗಲ್ಲಾದಲ್ಲಿರುವ ಮಾಲೀಕ ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಬಂದು "ಆತೇನ್ರೀ? ಹಿಂದ ಜನ ನಿಂತಾರ" ಅಂತ ಕೇಳುತ್ತಾನೆ. ಕೂತವನು ತುತ್ತು ಬಿಟ್ಟು, ತಲೆ ಎತ್ತಿ ಉತ್ತರ ಕೊಡಬೇಕು. ಅವನ ಪಾಲಿನ ಹೊತ್ತು ಮುಗಿದಿದ್ದರೆ ಏಳಿಸಿ ಮುಂದಿನವನನ್ನು ಕೂರಿಸುತ್ತಾನೆ. ಇಲ್ಲದಿದ್ದರೆ "ಉಣ್ರಿ ಉಣ್ರಿ" ಅಂತ ವಾಪಸ್ ಹೋಗುತ್ತಾನೆ. ಕುರ್ಚಿ ಅಂದರೆ ಸಿಪಿಯು, ಉಣ್ಣುವವರು ಪ್ರೋಗ್ರಾಂಗಳು, ಮಾಲೀಕ ಕರ್ನಲ್, ಅವನು ಎದ್ದು ಬರುವ ಆ ಒಂದು ಸುತ್ತೇ ಟಿಕ್. ನಾಲ್ಕು ನಿಮಿಷದ ಬದಲು ನಿಮಿಷಕ್ಕೊಮ್ಮೆ ಬಂದರೆ ಹಿಂದೆ ನಿಂತವರಿಗೆ ಬೇಗ ಜಾಗ ಸಿಗುತ್ತೆ, ಆದರೆ ಕೂತವನಿಗೆ ಮೇಲಿಂದ ಮೇಲೆ ಕಿರಿಕಿರಿ. ಅಪರೂಪಕ್ಕೆ ಬಂದರೆ ಕೂತವನು ಆರಾಮ, ನಿಂತವನ ಹೊಟ್ಟೆ ಚುರುಗುಟ್ಟುತ್ತೆ.

ಈ ಸುತ್ತು ಸೆಕೆಂಡಿಗೆ ಎಷ್ಟು ಅನ್ನೋದನ್ನು ಕರ್ನಲ್ ಕಂಪೈಲ್ ಮಾಡುವಾಗಲೇ ನಿಗದಿ ಮಾಡುತ್ತಾರೆ. ಆ ಸಂಖ್ಯೆಯ ಹೆಸರು ಎಚ್‌ಝಡ್ (HZ). ನಮ್ಮ ಸಾಮಾನ್ಯ ಪಿಸಿ, ಲ್ಯಾಪ್‌ಟಾಪ್‌ಗಳಿಗೆ ನಾಲ್ಕು ಆಯ್ಕೆ ಇವೆ: 100, 250, 300, 1000. ಅಂದರೆ ಟಿಕ್‌ನಿಂದ ಟಿಕ್‌ಗೆ 10, 4, ಸುಮಾರು 3.3, ಅಥವಾ 1 ಮಿಲಿಸೆಕೆಂಡ್. ಈ 300 ಎಲ್ಲಿಂದ ಬಂತು ಅಂತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಅದು ವಿಡಿಯೋದವರಿಗಾಗಿ ಇಟ್ಟದ್ದು. ಸೆಕೆಂಡಿಗೆ 25 ಫ್ರೇಮ್ ಇರಲಿ, 30 ಇರಲಿ, 300 ಎರಡರಿಂದಲೂ ಸರಿಯಾಗಿ ಭಾಗ ಹೋಗುತ್ತೆ.

ಇತಿಹಾಸ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಲ್‌ನ ಹಳೇ 2.4 ಆವೃತ್ತಿಯ ಕಾಲದಲ್ಲಿ ಪಿಸಿಗಳಲ್ಲಿ 100 ಇತ್ತು. 2.6 ಬಂದಾಗ ಒಂದೇ ಸಲಕ್ಕೆ 1000 ಮಾಡಿದರು. ಲ್ಯಾಪ್‌ಟಾಪಿನವರು ಬ್ಯಾಟರಿ ಹೋಗುತ್ತೆ ಅಂತ ಗೋಳಾಡಿದರು. 2005ರಲ್ಲಿ 2.6.13ಕ್ಕೆ ಬರುವಾಗ ಇದನ್ನು ಬೇಕಾದಂತೆ ಆರಿಸಿಕೊಳ್ಳುವ ಹಾಗೆ ಮಾಡಿ, ಏನೂ ಆರಿಸದಿದ್ದರೆ 250 ಅಂತ ಇಟ್ಟರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಲಿನಕ್ಸನ್ನು ಕಟ್ಟಿ ಹಂಚುವ ಡಿಸ್ಟ್ರೋಗಳಲ್ಲಿ ಡೆಬಿಯನ್ 250ರಲ್ಲಿ ಉಳಿಯಿತು, ಫೆಡೋರಾ 1000ದ ಕಡೆ ಹೋಯಿತು, ಉಬುಂಟು ಇಷ್ಟು ವರ್ಷ 250ರಲ್ಲಿದ್ದು 24.10ರಲ್ಲಿ 1000ಕ್ಕೆ ಹಾರಿತು. ಇಪ್ಪತ್ತು ವರ್ಷ ಆದರೂ ಒಮ್ಮತ ಇಲ್ಲ ಅಂದರೆ, ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಿಲ್ಲ ಅಂತಲೇ ಅರ್ಥ ಅಲ್ವಾ?

ನಿಮ್ಮ ಮಷೀನಿನಲ್ಲಿ ಎಷ್ಟಿದೆ ಅಂತ ನೋಡೋಕೆ ಬೂಟ್ ಫೋಲ್ಡರ್‌ನಲ್ಲಿರುವ ಕರ್ನಲ್ ಕಾನ್ಫಿಗ್ ಫೈಲ್ ತೆರೆದು ಎಚ್‌ಝಡ್ ಅಂತ ಹುಡುಕಿ. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಗೆಟ್‌ಕಾನ್ಫ್ ಕಮಾಂಡಿಗೆ ಸಿಎಲ್‌ಕೆ ಟಿಸಿಕೆ ಎಷ್ಟು ಅಂತ (getconf CLK_TCK) ಕೇಳಿದರೆ ಅದು 100 ಅನ್ನುತ್ತೆ. 250ರ ಕರ್ನಲ್‌ನಲ್ಲೂ 100, 1000ದ ಕರ್ನಲ್‌ನಲ್ಲೂ 100. ಹಳೇ ಪ್ರೋಗ್ರಾಂಗಳು ಕೆಡಬಾರದು ಅಂತ ಹೊರಗಿನವರಿಗೆ ತೋರಿಸೋಕೆ ಇಟ್ಟ ಸಂಖ್ಯೆ ಅದು, ಒಳಗಿನ ನಿಜವಾದ ಟಿಕ್‌ಗೂ ಅದಕ್ಕೂ ಸಂಬಂಧ ಇಲ್ಲ.

ನಾನು ನಂಬೋದು ಇನ್ನೊಂದು ದಾರಿಯನ್ನು. ಪ್ರಾಕ್ ಫೋಲ್ಡರ್‌ನ ಇಂಟರಪ್ಟ್ಸ್ ಫೈಲ್‌ನಲ್ಲಿ (/proc/interrupts) ಎಲ್‌ಒಸಿ (LOC) ಅಂತ ಒಂದು ಸಾಲು ಇರುತ್ತೆ, ಲೋಕಲ್ ಟೈಮರ್ ಇಂಟರಪ್ಟ್‌ಗಳ, ಅಂದರೆ ಟೈಮರ್ ಸಿಪಿಯು ಕೆಲಸ ತಡೆದ ಸಲಗಳ ಲೆಕ್ಕ, ಒಂದೊಂದು ಕೋರ್‌ಗೆ ಒಂದೊಂದು ಕಾಲಂ. ಒಂದು ಕೋರ್‌ಗೆ ಸುಮ್ನೆ ಸುತ್ತುತ್ತಾ ಕೂರುವ ಒಂದು ಪ್ರೋಗ್ರಾಂ ಕಟ್ಟಿಹಾಕಿ, ಆ ಸಾಲನ್ನು ಒಮ್ಮೆ ಓದಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಓದಿ, ಕಳೆದು ಹತ್ತರಿಂದ ಭಾಗಿಸಿ. 250ರ ಕರ್ನಲ್ ಆದರೆ 250ರ ಆಸುಪಾಸು ಬರಬೇಕು. ಈಗ ಆ ಪ್ರೋಗ್ರಾಂ ನಿಲ್ಲಿಸಿ ಅದೇ ಲೆಕ್ಕ ಮಾಡಿ ನೋಡಿ. ಸಂಖ್ಯೆ ದಪ್ ಅಂತ ಬಿದ್ದಿರುತ್ತೆ!

ಆ ಬಿದ್ದದ್ದೇ ಈ ಕಥೆಯ ದೊಡ್ಡ ತಿರುವು. 2007ರ 2.6.21ರಿಂದ ಕರ್ನಲ್‌ಗೆ ಒಂದು ಬುದ್ಧಿ ಬಂದಿದೆ: ಖಾನಾವಳಿಯಲ್ಲಿ ಯಾರೂ ಇಲ್ಲದಾಗ ಮಾಲೀಕ ಸುತ್ತು ಹಾಕಲ್ಲ, ಗಲ್ಲಾದ ಮೇಲೆ ತಲೆ ಇಟ್ಟು ಮಲಗುತ್ತಾನೆ. ಮುಂದಿನ ಕೆಲಸ ಯಾವಾಗ ಇದೆಯೋ ಆಗ ಏಳೋಕೆ ಅಲಾರಂ ಇಟ್ಟುಕೊಂಡಿರುತ್ತಾನೆ. ಟಿಕ್‌ಲೆಸ್ ಅನ್ನೋದು ಇದಕ್ಕೇ. ಹಾಗಾಗಿ "1000 ಇಟ್ಟರೆ ಬ್ಯಾಟರಿ ಬೇಗ ಹೋಗುತ್ತೆ" ಅನ್ನುವ 2005ರ ಹಳೇ ತಕರಾರು ಈಗ ಅಷ್ಟಾಗಿ ನಿಲ್ಲಲ್ಲ. ಸಿಪಿಯು ಖಾಲಿ ಕೂತಾಗ ಟಿಕ್ಕೇ ಇಲ್ಲ, ಸಾವಿರ ಎಲ್ಲಿಂದ ಬಂತು?

ಇದಕ್ಕೂ ಒಂದು ವರ್ಷ ಮೊದಲು, 2006ರಲ್ಲಿ, ಇನ್ನೊಂದು ಬದಲಾವಣೆ ಆಗಿತ್ತು. ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೊಲ್ನಾರ್ ಮಾಡಿದ ಹೈ ರೆಸಲ್ಯೂಶನ್ ಟೈಮರ್ ಚೌಕಟ್ಟು 2.6.16ರಲ್ಲಿ ಕರ್ನಲ್ ಸೇರಿತು, ಟಿಕ್‌ಗೆ ಕಾಯದೆ ಎಬ್ಬಿಸುವ ಶಕ್ತಿ ಅದಕ್ಕೆ ಬಂದದ್ದು ಮಾತ್ರ 2.6.21ರಲ್ಲೇ. ಅದಕ್ಕೆ ಮುಂಚೆ ನಿಮ್ಮ ಪ್ರೋಗ್ರಾಂ "ಒಂದು ಮಿಲಿಸೆಕೆಂಡ್ ಮಲಗುತ್ತೇನೆ, ಎಬ್ಬಿಸು" ಅಂದರೆ ಮಾಲೀಕ ತನ್ನ ಮುಂದಿನ ಸುತ್ತಿಗೆ ಬಂದಾಗಲೇ ಎಬ್ಬಿಸುತ್ತಿದ್ದ. 100ರ ಕರ್ನಲ್‌ನಲ್ಲಿ ಒಂದು ಮಿಲಿಸೆಕೆಂಡ್ ಕೇಳಿದವನು ಹತ್ತರಿಂದ ಇಪ್ಪತ್ತು ಮಿಲಿಸೆಕೆಂಡ್ ಮಲಗುತ್ತಿದ್ದ. ಈಗ ಪ್ರತಿಯೊಬ್ಬರಿಗೂ ಅವರವರ ಹೊತ್ತಿಗೆ ಬೇರೆ ಗಂಟೆ ಹೊಡೆಯುತ್ತೆ, ಸುತ್ತಿಗೆ ಕಾಯುವ ಮಾತಿಲ್ಲ.

ಸುಲಭದ ಪರೀಕ್ಷೆ ಇದು, ಯಾರಾದರೂ ಮಾಡಬಹುದು. ಹತ್ತು ಸಾಲಿನ ಒಂದು ಸಿ ಪ್ರೋಗ್ರಾಂ ಬರೆದು, ಗಡಿಯಾರ ಓದಿ, ಒಂದು ಮಿಲಿಸೆಕೆಂಡ್ ಮಲಗಿಸಿ, ಎದ್ದು ಮತ್ತೆ ಓದಿ, ಸಾವಿರ ಸಲ ಹೀಗೆ ಮಾಡಿ ನೋಡಿ. 250ರಲ್ಲಿ ಮಾಡಿದರೂ 1000ದಲ್ಲಿ ಮಾಡಿದರೂ ಖಾಲಿ ಮಷೀನಿನಲ್ಲಿ ಹೆಚ್ಚುಕಮ್ಮಿ ಒಂದೇ ಉತ್ತರ ಬರುತ್ತೆ, 1.05 ಮಿಲಿಸೆಕೆಂಡ್‌ಗಿಂತ ಒಂದಿಷ್ಟು ಮೇಲೆ. ಆ 0.05 ಎಲ್ಲಿಂದ ಬಂತು ಗೊತ್ತಾ? ಅದು ಇನ್ನೊಂದು ಸೆಟ್ಟಿಂಗ್, ಟೈಮರ್ ಸ್ಲ್ಯಾಕ್. ಸಾಮಾನ್ಯ ಪ್ರೋಗ್ರಾಂಗಳನ್ನು ಕರ್ನಲ್ 50 ಮೈಕ್ರೋಸೆಕೆಂಡ್ ತಡವಾಗಿ ಎಬ್ಬಿಸುವ ಸ್ವಾತಂತ್ರ್ಯ ಇಟ್ಟುಕೊಂಡಿರುತ್ತೆ, ಹತ್ತಿರ ಹತ್ತಿರದ ನಾಲ್ಕು ಅಲಾರಂಗಳನ್ನು ಒಂದೇ ಸಲ ಮುಗಿಸಿ ಮತ್ತೆ ಮಲಗೋಕೆ. ಪ್ರೋಗ್ರಾಂ ಒಳಗಿಂದ ಪಿಆರ್‌ಸಿಟಿಎಲ್ ಕರೆ ಹಚ್ಚಿ ಇದನ್ನು ಕಡಿಮೆ ಮಾಡಿಕೊಳ್ಳಬಹುದು. ರಿಯಲ್‌ಟೈಮ್ ಪ್ರೋಗ್ರಾಂಗಳಿಗೆ, ಅಂದರೆ ತಡ ಆಗಲೇಬಾರದು ಅಂತ ಮೊದಲ ಸರದಿ ಪಡೆದವಕ್ಕೆ, ಈ ಸಡಿಲ ಲೆಕ್ಕಕ್ಕೇ ಬರಲ್ಲ. "ಎಚ್‌ಝಡ್ ಬದಲಿಸಿದರೂ ಸ್ಲೀಪ್ ಸುಧಾರಿಸಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ನಿಜವಾಗಿ ಹುಡುಕುತ್ತಿರುವುದು ಇದನ್ನೇ.

ಹಾಗಾದರೆ ಟಿಕ್‌ಗೆ ಈಗ ಏನು ಕೆಲಸ ಉಳಿದಿದೆ? ಸ್ವಲ್ಪವೇ, ಆದರೆ ಮುಖ್ಯವಾದದ್ದು. ಒಂದೇ ಕುರ್ಚಿಗೆ ಇಬ್ಬರು ಮೂವರು ಕಾಯುತ್ತಿರುವಾಗ ಕೂತವನನ್ನು ಯಾವಾಗ ಏಳಿಸೋದು ಅನ್ನುವ ತೀರ್ಮಾನ ಈಗಲೂ ಬಹುಪಾಲು ಟಿಕ್ ಬಂದಾಗಲೇ ಆಗೋದು. 2023ರ 6.6 ಕರ್ನಲ್‌ನಿಂದ ಬಂದ ಇಇವಿಡಿಎಫ್ ಶೆಡ್ಯೂಲರ್‌ನಲ್ಲಿ (ಯಾರ ಸರದಿ ಯಾವಾಗ ಅಂತ ತೀರ್ಮಾನಿಸುವ ಕರ್ನಲ್ ಭಾಗ ಅದು), ಎಂಟು ಕೋರ್ ಇರುವ ಮಷೀನಿನಲ್ಲಿ, ಒಬ್ಬನ ಪಾಲು ಸುಮಾರು 3 ಮಿಲಿಸೆಕೆಂಡ್. ಈಗ ಲೆಕ್ಕ ಹಾಕಿ. 1000ದ ಕರ್ನಲ್‌ನಲ್ಲಿ ಮೂರನೇ ಟಿಕ್‌ಗೋ ನಾಲ್ಕನೇ ಟಿಕ್‌ಗೋ ಏಳಿಸಬಹುದು. 250ರ ಕರ್ನಲ್‌ನಲ್ಲಿ ಟಿಕ್ ಬರೋದೇ 4 ಮಿಲಿಸೆಕೆಂಡಿಗೊಮ್ಮೆ, ಹಾಗಾಗಿ 3ರ ಪಾಲಿನವನು ಕಡಿಮೆ ಅಂದರೂ 4 ಕೂರುತ್ತಾನೆ. 100ರಲ್ಲಾದರೆ 10. ಕಾಗದದ ಮೇಲೆ ಎಲ್ಲರ ಪಾಲೂ 3, ಸಿಗೋದು ಬೇರೆ. ಮುಂದೆ ಮೂರು ಜನ ಇದ್ದರೆ ನಾಲ್ಕನೆಯವನು ಒಂದು ಕಡೆ 9–12 ಮಿಲಿಸೆಕೆಂಡ್ ಕಾದರೆ ಇನ್ನೊಂದು ಕಡೆ ಕಡಿಮೆ ಅಂದರೂ 12, ಮತ್ತೊಂದು ಕಡೆ 30.

ಗಮನಿಸಿ, ಇದು ಕ್ಯೂ ಇದ್ದಾಗ ಮಾತ್ರ. ಕೋರ್‌ಗಿಂತ ಕೆಲಸ ಕಡಿಮೆ ಇದ್ದರೆ ಯಾರೂ ಯಾರಿಗೂ ಕಾಯಲ್ಲ, ಎಚ್‌ಝಡ್ ಎಷ್ಟಿದ್ದರೂ ಅಷ್ಟೇ. ಜನ ಬೆಂಚ್‌ಮಾರ್ಕ್ ಮಾಡುವಾಗ ಒಂದೇ ಪ್ರೋಗ್ರಾಂ ಓಡಿಸಿ, ಅದರ ಸರಾಸರಿ ತೆಗೆದು, "ಏನೂ ವ್ಯತ್ಯಾಸ ಇಲ್ಲ" ಅಂತ ಬರೆದುಬಿಡುತ್ತಾರೆ. ಖಾಲಿ ಖಾನಾವಳಿಯಲ್ಲಿ ಒಬ್ಬನೇ ಕೂತು ಉಂಡು, ಇಲ್ಲಿ ಕಾಯೋದೇ ಇಲ್ಲ ಅಂದ ಹಾಗಾಯ್ತು.

ಇನ್ನು ಖರ್ಚಿನ ಕಡೆ. ನನ್ನ ಕಂಪೈಲ್ ಪ್ರಯೋಗ ಯಾಕೆ ಬುಡದಲ್ಲೇ ತಪ್ಪು ಅನ್ನೋದು ಇಲ್ಲಿ ಗೊತ್ತಾಗುತ್ತೆ, ಕರೆಂಟ್ ಹೋಗದಿದ್ದರೂ ಅದು ತಪ್ಪೇ. ಒಂದು ಟಿಕ್‌ಗೆ 2 ಮೈಕ್ರೋಸೆಕೆಂಡ್ ಖರ್ಚು ಅಂತ ಇಟ್ಟುಕೊಳ್ಳೋಣ. 250ರಿಂದ 1000ಕ್ಕೆ ಹೋದರೆ ಸೆಕೆಂಡಿಗೆ 750 ಟಿಕ್ ಜಾಸ್ತಿ, ಅಂದರೆ 1500 ಮೈಕ್ರೋಸೆಕೆಂಡ್, ಶೇಕಡಾ 0.15. ಇಪ್ಪತ್ತು ನಿಮಿಷದ ಕಂಪೈಲ್‌ನಲ್ಲಿ ಇದು 1.8 ಸೆಕೆಂಡ್. ಏನೂ ಬದಲಿಸದೆ ಅದೇ ಕಂಪೈಲನ್ನು ಎರಡು ಸಲ ಮಾಡಿದರೂ ಶೇಕಡಾ ಒಂದರಷ್ಟು, ಅಂದರೆ 12 ಸೆಕೆಂಡ್, ಆ ಕಡೆ ಈ ಕಡೆ ಆಗೋದು ಮಾಮೂಲಿ. ಹನ್ನೆರಡರ ಗದ್ದಲದಲ್ಲಿ 1.8 ಅನ್ನು ಹುಡುಕಬೇಕು. ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದರೆ ಒಂದೊಂದು ಕರ್ನಲ್‌ನಲ್ಲೂ ಕಡಿಮೆ ಅಂದರೂ ಸುಮಾರು 350 ಸಲ ಕಂಪೈಲ್ ಮಾಡಿದರೆ ಮಾತ್ರ ವ್ಯತ್ಯಾಸ ಇದೆ ಅಂತ ಧೈರ್ಯವಾಗಿ ಹೇಳಬಹುದು. ಹಗಲು ರಾತ್ರಿ ಓಡಿಸಿದರೂ ಹತ್ತು ದಿನ. ನಾನು ಮಾಡಿದ್ದು ಒಂದೊಂದು ಸಲ.

ಅದಕ್ಕೇ ದೊಡ್ಡ ಕೆಲಸದ ಸಮಯ ನೋಡೋದು ಬಿಟ್ಟು ಟಿಕ್ಕನ್ನೇ ನೇರವಾಗಿ ಹಿಡಿಯಬೇಕು. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಒಂದು ಪ್ರೋಗ್ರಾಂ ಬರೆಯಿರಿ, ಅದಕ್ಕೆ ಒಂದೇ ಕೆಲಸ: ಗಡಿಯಾರ ಓದು, ಮತ್ತೆ ಓದು, ಮತ್ತೆ ಓದು. ಇತ್ತೀಚಿನ ಮಷೀನಿನಲ್ಲಿ ಎರಡು ಓದಿನ ನಡುವೆ ಕೆಲವೇ ಹತ್ತು ನ್ಯಾನೋಸೆಕೆಂಡ್ ಅಂತರ ಇರುತ್ತೆ. ಇದ್ದಕ್ಕಿದ್ದ ಹಾಗೆ ಒಂದು ಮೈಕ್ರೋಸೆಕೆಂಡ್‌ಗಿಂತ ಜಾಸ್ತಿ ಅಂತರ ಬಂದರೆ, ಆ ಹೊತ್ತಿನಲ್ಲಿ ಯಾರೋ ನಿಮ್ಮ ಕೈಯಿಂದ ಸಿಪಿಯು ಕಸಿದುಕೊಂಡಿದ್ದರು ಅಂತ ಅರ್ಥ. ಆ ಅಂತರಗಳನ್ನು, ಅವು ಬಂದ ಹೊತ್ತನ್ನು ಬರೆದಿಡಿ. ನಾನು ಮೊದಲ ಸಲ ಇದನ್ನು ಗ್ರಾಫ್ ಹಾಕಿ ನೋಡಿದಾಗ ಸುಮ್ನೆ ಕೂತುಬಿಟ್ಟೆ. ಗದಗ ಕಡೆ ಹೋಗೋ ರೈಲಿನ ಕಿಟಕಿಯಿಂದ ಕಾಣುವ ಲೈಟ್ ಕಂಬಗಳ ಹಾಗೆ, ಸರಿಯಾಗಿ ನಾಲ್ಕು ನಾಲ್ಕು ಮಿಲಿಸೆಕೆಂಡಿಗೆ ಒಂದೊಂದು ಗೆರೆ, ಒಂದೂ ತಪ್ಪದೆ. ನಡುನಡುವೆ ಅಲ್ಲೊಂದು ಇಲ್ಲೊಂದು ಬೇರೆ ಗೆರೆ, ಅದು ನೆಟ್‌ವರ್ಕಿನದೋ ಡಿಸ್ಕಿನದೋ. 1000ದ ಕರ್ನಲ್‌ಗೆ ಹೋದರೆ ಕಂಬಗಳು ಒತ್ತೊತ್ತಾಗುತ್ತವೆ. ಒಂದೊಂದು ಗೆರೆಯ ಎತ್ತರವೇ ಒಂದು ಟಿಕ್‌ನ ಬೆಲೆ. ಕೂಡಿಸಿ, ಸೆಕೆಂಡಿಗೆ ಎಷ್ಟು ಹೋಯಿತು ನೋಡಿ. ಹತ್ತು ದಿನ ಬೇಡ, ಹತ್ತು ಸೆಕೆಂಡ್ ಸಾಕು.

ಈಗಿನ ಕರ್ನಲ್‌ಗಳಲ್ಲಿ ಇದೇ ಕೆಲಸಕ್ಕೆ ಓಎಸ್‌ನಾಯ್ಸ್ ಅನ್ನುವ ಟ್ರೇಸರ್ ಇದೆ, 2021ರ 5.14ರಲ್ಲಿ ಬಂದದ್ದು. ಅದು ಕಸಿದುಕೊಂಡವರು ಯಾರು ಅನ್ನೋದನ್ನೂ ಎಣಿಸಿ ಕೊಡುತ್ತೆ. ಆದರೂ ಒಮ್ಮೆ ಕೈಯಾರೆ ಬರೆದು ನೋಡಿ ಅಂತಲೇ ನಾನು ಹೇಳೋದು. ಒಂದು ಮಾತು ಮಾತ್ರ ನೆನಪಿರಲಿ, ಗಡಿಯಾರ ಓದುತ್ತಾ ಕೂರುವ ಈ ಖಾಲಿ ಸುತ್ತು ಪೂರ್ತಿ ಖರ್ಚನ್ನು ತೋರಿಸಲ್ಲ. ಟಿಕ್ ಬಂದು ಹೋದಾಗ ಕ್ಯಾಶೆಯಲ್ಲಿದ್ದ (ಸಿಪಿಯು ಪಕ್ಕದ ಚಿಕ್ಕ, ವೇಗದ ಮೆಮೊರಿ) ಒಂದಿಷ್ಟು ಡೇಟಾ ಆಚೆ ತಳ್ಳಿ ಹೋಗಿರುತ್ತೆ, ಅದನ್ನು ಮತ್ತೆ ತರಿಸಿಕೊಳ್ಳುವ ಖರ್ಚು ನಿಜವಾದ ಕೆಲಸ ಮಾಡುವ ಪ್ರೋಗ್ರಾಂಗೆ ಬೀಳುತ್ತೆ. ಖಾಲಿ ಸುತ್ತಿಗೆ ಕ್ಯಾಶೆಯಲ್ಲಿ ಏನಿದೆ ಕಳಕೊಳ್ಳೋಕೆ?

ಸಿಪಿಯು ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುವ ಟಾಪ್ ಕಮಾಂಡ್ ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ. ಮೇಲಿನ ಸಾಲಿನಲ್ಲಿ ಯೂಸರ್ ಇಷ್ಟು, ಸಿಸ್ಟಂ ಇಷ್ಟು ಅಂತ ಬರುತ್ತಲ್ಲ, ಬಹಳ ಕರ್ನಲ್‌ಗಳಲ್ಲಿ ಆ ಲೆಕ್ಕ ಮಾಡೋದೂ ಟಿಕ್ಕೇ. ಮಾಲೀಕ ಬಂದಾಗ ಕುರ್ಚಿಯಲ್ಲಿ ಯಾರು ಕಂಡರೋ ಅವರ ಹೆಸರಿಗೆ ಪೂರ್ತಿ ನಾಲ್ಕು ನಿಮಿಷ ಬರೆದುಬಿಡುತ್ತಾನೆ. ಅವನು ಬೆನ್ನು ತಿರುಗಿಸಿದ ಮೇಲೆ ಬಂದು, ಗಬಗಬ ಉಂಡು, ಅವನು ತಿರುಗುವಷ್ಟರಲ್ಲಿ ಎದ್ದು ಹೋದವನ ಲೆಕ್ಕ ಎಲ್ಲೂ ಇಲ್ಲ. ಇದು ತಮಾಷೆಯಲ್ಲ, ನಿಜವಾಗಿ ಆಗುತ್ತೆ. ಟಿಕ್‌ನಿಂದಲೇ ಎಚ್ಚರಗೊಂಡು, ಚೂರು ಕೆಲಸ ಮಾಡಿ, ಮುಂದಿನ ಟಿಕ್‌ಗೆ ಮೊದಲೇ ಮಲಗುವ ಕೆಲಸಗಳು ಪ್ರತಿ ಸಲವೂ ಇದರ ಕಣ್ಣು ತಪ್ಪಿಸುತ್ತವೆ. ಎಚ್‌ಝಡ್ ಬದಲಿಸಿದಾಗ ಆ ಸಾಲಿನ ಶೇಕಡಾವಾರು ಬದಲಾದರೆ, ಖರ್ಚು ಬದಲಾಯಿತೋ ಎಣಿಸುವವನ ಕಣ್ಣು ಚುರುಕಾಯಿತೋ ಅಂತ ಅದರಿಂದ ಗೊತ್ತಾಗಲ್ಲ. ತಕ್ಕಡಿಯನ್ನೇ ಬದಲಿಸಿ ತೂಕ ಹೋಲಿಸಿದ ಹಾಗೆ.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿಕೊಂಡ ಕಟ್ಟುಪಾಡುಗಳು ಹೀಗಿವೆ. ಒಂದೇ ಸೋರ್ಸ್, ಒಂದೇ ಕಾನ್ಫಿಗ್, ಎಚ್‌ಝಡ್ ಸಾಲು ಮಾತ್ರ ಬೇರೆ, ಹೀಗೆ ಎರಡು ಕರ್ನಲ್ ಕಟ್ಟೋದು. ಒಂದು ಡಿಸ್ಟ್ರೋದ 250ನ್ನು ಇನ್ನೊಂದು ಡಿಸ್ಟ್ರೋದ 1000ದ ಜೊತೆ ಹೋಲಿಸಿದರೆ ನೂರೆಂಟು ಬೇರೆ ವ್ಯತ್ಯಾಸ ನಡುವೆ ಬರುತ್ತವೆ. ಸಿಪಿಯು ವೇಗ ತಾನಾಗಿ ಏರಿಳಿಯದ ಹಾಗೆ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿ ಟರ್ಬೋ ಬಂದ್ ಮಾಡೋದು. ಚಾರ್ಜರ್ ಸಿಕ್ಕಿಸಿದೆಯಾ, ಕರೆಂಟ್ ಇದೆಯಾ ಅಂತ ಸ್ಕ್ರಿಪ್ಟೇ ಪ್ರತಿ ರನ್‌ಗೆ ಮೊದಲು ಮತ್ತು ಆಮೇಲೆ ನೋಡಿ ಬರೆದಿಡೋದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಆರು ಗಂಟೆಯ ರೂಮಿಗೂ ಮಧ್ಯಾಹ್ನ ಮೂರರ ರೂಮಿಗೂ ಎಷ್ಟು ವ್ಯತ್ಯಾಸ ಅಂತ ಹೇಳಬೇಕಾಗಿಲ್ಲ, ಕಾದ ಸಿಪಿಯು ತಾನಾಗಿಯೇ ವೇಗ ಇಳಿಸುತ್ತೆ, ಅದಕ್ಕೆ ಬೆಳಗ್ಗೆ ಪೂರ್ತಿ 250, ಮಧ್ಯಾಹ್ನ ಪೂರ್ತಿ 1000 ಅಂತ ಮಾಡಲೇಬಾರದು. 250, 1000, 1000, 250 ಅಂತ ಅದಲುಬದಲು ಮಾಡಬೇಕು. ಪ್ರತಿ ರನ್‌ಗೂ ರೀಬೂಟ್ ಆಗಬೇಕು ಅನ್ನೋದು ತಲೆನೋವು, ನಿಜ, ಬೇರೆ ದಾರಿ ಇಲ್ಲ.

ಬಾಡಿಗೆ ಕ್ಲೌಡ್ ಮಷೀನಿನಲ್ಲಿ ಅಳೆದದ್ದನ್ನು ಮನೆಯ ಮಷೀನಿಗೆ ಅನ್ವಯಿಸಬೇಡಿ. ಅಲ್ಲಿ ಟಿಕ್ ಬಂದಾಗ, ಮುಂದಿನ ಟಿಕ್‌ಗೆ ಟೈಮರ್ ಇಡುವಾಗ, ಅನೇಕ ಸಲ ಕೆಳಗಿನ ಹೈಪರ್‌ವೈಸರ್‌ಗೆ (ಒಂದೇ ಮಷೀನನ್ನು ಹಲವರಿಗೆ ಹಂಚುವ ಸಾಫ್ಟ್‌ವೇರ್) ಹೋಗಿ ಬರಬೇಕಾಗುತ್ತೆ. ಅದರ ಖರ್ಚೇ ಬೇರೆ.

ಇನ್ನು ಎಚ್‌ಝಡ್‌ಗಿಂತ ಎಷ್ಟೋ ಪಟ್ಟು ಪೆಟ್ಟು ಕೊಡುವ ಒಂದು ಸೆಟ್ಟಿಂಗ್ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ: ಕ್ಲಾಕ್‌ಸೋರ್ಸ್. ಕರ್ನಲ್ ಹೊತ್ತು ತಿಳಿಯೋಕೆ ಯಾವ ಗಡಿಯಾರ ನೋಡುತ್ತೆ ಅನ್ನೋದು. ಸಾಮಾನ್ಯವಾಗಿ ಸಿಪಿಯು ಒಳಗೇ ಇರುವ ಟಿಎಸ್‌ಸಿ. ಅದು ಕೈಗಡಿಯಾರ ಇದ್ದ ಹಾಗೆ, ಕರ್ನಲ್ ಒಳಗೆ ಹೋಗದೇ ಓದಿಬಿಡಬಹುದು. ಬೂಟ್ ಆಗುವಾಗ ಟಿಎಸ್‌ಸಿ ಸರಿ ಇಲ್ಲ ಅಂತ ಕರ್ನಲ್‌ಗೆ ಅನುಮಾನ ಬಂದರೆ ಅದನ್ನು ಬಿಟ್ಟು ಸಿಪಿಯು ಹೊರಗಿನ ಬೇರೆ ಗಡಿಯಾರಗಳಾದ ಎಚ್‌ಪಿಇಟಿಗೋ ಎಸಿಪಿಐ ಪಿಎಂ ಟೈಮರ್‌ಗೋ ಹೋಗುತ್ತೆ. ಅವು ರೈಲ್ವೆ ಸ್ಟೇಶನ್ ಗಡಿಯಾರ. ಪ್ರತಿ ಸಲ ಎದ್ದು ಹೋಗಿ ನೋಡಿ ಬರಬೇಕು, ಒಂದು ಓದಿಗೆ ಹತ್ತಿಪ್ಪತ್ತು ಪಟ್ಟು ಜಾಸ್ತಿ ಹೊತ್ತು ಸುಲಭವಾಗಿ ಹಿಡಿಯುತ್ತೆ. ಡೇಟಾಬೇಸ್, ಗೇಮ್, ಲಾಗ್ ಬರೆಯುವ ಸರ್ವರ್ ಇವೆಲ್ಲ ಸೆಕೆಂಡಿಗೆ ಸಾವಿರ, ಲಕ್ಷ ಸಲ ಹೊತ್ತು ಕೇಳುತ್ತವೆ. ನಿಮ್ಮ ಮಷೀನ್ ವಿನಾಕಾರಣ ನಿಧಾನ ಅನ್ನಿಸಿದರೆ ಎಚ್‌ಝಡ್‌ಗೆ ಕೈ ಹಾಕುವ ಮೊದಲು ಸಿಸ್ (/sys) ಫೋಲ್ಡರ್‌ನಲ್ಲಿ ಕರೆಂಟ್ ಕ್ಲಾಕ್‌ಸೋರ್ಸ್ (current_clocksource, ಅಂದರೆ ಈಗ ನೋಡುತ್ತಿರುವ ಗಡಿಯಾರ) ಫೈಲ್ ಓದಿ. ಮೇಲೆ ಹೇಳಿದ ಖಾಲಿ ಸುತ್ತಿನ ಪ್ರಯೋಗವೂ ಟಿಎಸ್‌ಸಿ ಇಲ್ಲದಿದ್ದರೆ ಕೆಟ್ಟುಹೋಗುತ್ತೆ, ಪ್ರತಿ ಓದೂ ಕಂಬದ ಹಾಗೆ ಕಾಣುತ್ತೆ.

ಟಿಕ್ ಪೂರ್ತಿ ಬೇಡ ಅನ್ನುವವರಿಗೆ 2013ರ 3.10ರಲ್ಲಿ ಫುಲ್ ಡೈನ್‌ಟಿಕ್ಸ್ ಬಂತು. ಕುರ್ಚಿಯಲ್ಲಿ ಒಬ್ಬನೇ ಇದ್ದು ಹಿಂದೆ ಯಾರೂ ಇಲ್ಲದಿದ್ದರೆ ಸುಮ್ನೆ ಯಾಕೆ ಹೋಗಿ ಕೇಳೋದು ಅನ್ನೋ ತರ್ಕ. ಒಂದೊಂದು ಕೋರ್‌ಗೆ ಒಂದೊಂದೇ ಕೆಲಸ ಕಟ್ಟಿ, ಗಂಟೆಗಟ್ಟಲೆ ಲೆಕ್ಕ ಮಾಡಿಸುವ ಕಡೆ ಒಳ್ಳೆಯದು. ಮನೆಯ ಲ್ಯಾಪ್‌ಟಾಪ್‌ಗೆ ಬೇಡ. ಪ್ರೋಗ್ರಾಂ ಕರ್ನಲ್ ಒಳಗೆ ಹೋಗಿ ಬರುವ ಪ್ರತಿ ಸಲ ಒಂದಿಷ್ಟು ಹೆಚ್ಚುವರಿ ಲೆಕ್ಕ ಇಡಬೇಕಾಗುತ್ತೆ, ಸಿಸ್ಟಂ ಕಾಲ್, ಅಂದರೆ ಕರ್ನಲ್‌ಗೆ ಕೆಲಸ ಹೇಳುವ ಕರೆ, ಜಾಸ್ತಿ ಮಾಡುವ ಸರ್ವರ್‌ಗಳು ಇದರಿಂದ ನಿಧಾನವೇ ಆಗುತ್ತವೆ.

ಈ ಎಲ್ಲ ಶುರುವಾದದ್ದು ಧಾರವಾಡದ ಗೆಳೆಯನೊಬ್ಬನಿಂದ. ಸಪ್ತಾಪುರದಲ್ಲಿ ಅವನ ಮನೆ, ತಬಲಾ ಬಾರಿಸುತ್ತಾನೆ, ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು ಮನೆಯಲ್ಲೇ ರೆಕಾರ್ಡ್ ಮಾಡುತ್ತಾನೆ. ವಿಲಂಬಿತದಲ್ಲಿ ಎರಡು ಮಾತ್ರೆಗಳ ನಡುವೆ ದೊಡ್ಡ ಮೌನ ಇರುತ್ತಲ್ಲ, ಆ ಮೌನದಲ್ಲಿ "ಟಕ್" ಅಂತ ಒಂದು ಸದ್ದು ರೆಕಾರ್ಡ್ ಆಗುತ್ತಿತ್ತು. "1000 ಮಾಡಿದ್ರ ಹೋಗತೈತಿ ಅಂತ ಎಲ್ಲೋ ಓದಿದೆ, ಮಾಡಿಕೊಡು" ಅಂದ. ಮಾಡಿಕೊಟ್ಟೆ. ಟಕ್‌ಗಳು ಕಡಿಮೆ ಆದವು, ಪೂರ್ತಿ ಹೋಗಲಿಲ್ಲ. ಈ "ಕಡಿಮೆ ಆದವು" ಅನ್ನೋದೇ ನನ್ನನ್ನು ಕಾಡಿತು.

ಅವನ ಆಡಿಯೋ ಬಫರ್, ಅಂದರೆ ಒಂದು ಸಲಕ್ಕೆ ಕೂಡಿಡುವ ಧ್ವನಿಯ ತುಣುಕುಗಳು, 128 ಸ್ಯಾಂಪಲ್, ವೇಗ ಸೆಕೆಂಡಿಗೆ 48,000. ಭಾಗಿಸಿದರೆ 2.67 ಮಿಲಿಸೆಕೆಂಡ್. ಅಂದರೆ ಆಡಿಯೋ ಪ್ರೋಗ್ರಾಂಗೆ ಪ್ರತಿ 2.67 ಮಿಲಿಸೆಕೆಂಡಿಗೊಮ್ಮೆ ಕುರ್ಚಿ ಸಿಗಲೇಬೇಕು. ತಪ್ಪಿದರೆ ಟಕ್. ಬ್ರೌಸರ್ ಕೂತಿರುವಾಗ ಆಡಿಯೋ ಎದ್ದು ಬಂದರೆ ಕೆಲವು ಸಲ ಕೂಡಲೇ ಜಾಗ ಸಿಗುತ್ತೆ, ಕೆಲವು ಸಲ ಬ್ರೌಸರ್‌ನ ಪಾಲು ಮುಗಿಯುವ ತನಕ, ಅಂದರೆ ಮುಂದಿನ ಟಿಕ್ ತನಕ ಕಾಯಬೇಕು. 4 ಮಿಲಿಸೆಕೆಂಡಿನ ಟಿಕ್‌ಗೆ ಕಾದರೆ 2.67ರ ಗಡುವು ಹೋದಂತೆಯೇ. 1 ಮಿಲಿಸೆಕೆಂಡಿನ ಟಿಕ್ ಆದರೆ ಬಚಾವಾಗುವ ಸಂಭವ ಜಾಸ್ತಿ. ಸರಿ, ಕಡಿಮೆ ಆದದ್ದು ಯಾಕೆ ಅಂತ ಗೊತ್ತಾಯಿತು. ಆದರೆ ಆಡಿಯೋ ಪ್ರೋಗ್ರಾಂ ಬ್ರೌಸರ್ ಜೊತೆ ಕ್ಯೂನಲ್ಲಿ ಯಾಕೆ ನಿಂತಿದೆ? ಅದಕ್ಕೆ ರಿಯಲ್‌ಟೈಮ್ ಪ್ರಾಶಸ್ತ್ಯ ಇರಬೇಕಲ್ವಾ, ಬಂದ ಕೂಡಲೇ ಯಾರಿದ್ದರೂ ಏಳಿಸಿ ಕೂರುವ ಹಕ್ಕು?

ಸೈಕ್ಲಿಕ್‌ಟೆಸ್ಟ್ ಅಂತ ಒಂದು ಟೂಲ್ ಇದೆ, ಇಂಥ ಹೊತ್ತಿಗೆ ಎಬ್ಬಿಸು ಅಂತ ಹೇಳಿ ನಿಜವಾಗಿ ಎದ್ದ ಹೊತ್ತನ್ನು ಹೋಲಿಸುತ್ತೆ. ಅದನ್ನು ಎರಡು ರೀತಿ ಓಡಿಸಿದೆ, ಹಿಂದೆ ಬ್ರೌಸರ್‌ನಲ್ಲಿ ವಿಡಿಯೋ, ಇನ್ನೊಂದು ಕಡೆ ಕಂಪೈಲ್ ಹಚ್ಚಿಟ್ಟು. ಸಾಮಾನ್ಯ ಪ್ರೋಗ್ರಾಂ ಆಗಿ ಓಡಿಸಿದಾಗ ಸರಾಸರಿ ಚೆನ್ನಾಗೇ ಇತ್ತು, ಆದರೆ ಗರಿಷ್ಠದ ಕಾಲಂನಲ್ಲಿ ಮಿಲಿಸೆಕೆಂಡ್‌ಗಳು, ಅವು ಟಿಕ್‌ನ ಅಳತೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ. ರಿಯಲ್‌ಟೈಮ್ ಪ್ರಾಶಸ್ತ್ಯ ಕೊಟ್ಟು ಓಡಿಸಿದಾಗ ಆ ಮೆಟ್ಟಿಲುಗಳೇ ಮಾಯ, 250ಕ್ಕೂ 1000ಕ್ಕೂ ಗುರುತು ಹಿಡಿಯುವಂಥ ವ್ಯತ್ಯಾಸ ಇಲ್ಲ. ಸರಾಸರಿ ಮಾತ್ರ ನೋಡಿದ್ದರೆ ನನಗೆ ಯಾವುದೂ ಸಿಗುತ್ತಿರಲಿಲ್ಲ. ಸೆಕೆಂಡಿಗೆ 375 ಸಲ ಬಫರ್ ತುಂಬುವ ಕೆಲಸದಲ್ಲಿ ನಿಮಿಷಕ್ಕೆ ಒಂದೇ ಒಂದು ಸಲ ತಪ್ಪಿದರೂ ಕಿವಿಗೆ ಕೇಳುತ್ತೆ, ಸರಾಸರಿಗೆ ಅದರ ಸುಳಿವೇ ಹತ್ತಲ್ಲ.

ಗೆಳೆಯನ ಮಷೀನಿನಲ್ಲಿ ನೋಡಿದರೆ ಅವನ ಯೂಸರ್ ಆಡಿಯೋ ಗ್ರೂಪ್‌ನಲ್ಲೇ, ಅಂದರೆ ಆ ಪ್ರಾಶಸ್ತ್ಯ ಕೇಳುವ ಅನುಮತಿ ಇರುವವರ ಪಟ್ಟಿಯಲ್ಲೇ, ಇರಲಿಲ್ಲ. ಪ್ರೋಗ್ರಾಂ ರಿಯಲ್‌ಟೈಮ್ ಪ್ರಾಶಸ್ತ್ಯ ಕೇಳಿದೆ, ಕರ್ನಲ್ ಕೊಟ್ಟಿಲ್ಲ, ಪ್ರೋಗ್ರಾಂ ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಸುಮ್ಮನಾಗಿದೆ. ಗ್ರೂಪ್‌ಗೆ ಸೇರಿಸಿ, ಲಾಗೌಟ್ ಮಾಡಿ ಲಾಗಿನ್ ಆಗಿ, ಅರ್ಧ ಗಂಟೆ ವಿಲಂಬಿತ ಏಕತಾಳ ಬಾರಿಸಿದ, ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಮೌನಗಳನ್ನಷ್ಟೇ ಕೇಳಿದೆವು. ಹೊರಗೆ ಚಿಗರಿ ಬಸ್ಸಿನ ಹಾರ್ನ್ ಎರಡು ಸಲ ರೆಕಾರ್ಡ್ ಆಗಿತ್ತು, ಟಕ್ ಒಂದೂ ಇರಲಿಲ್ಲ. ಆಮೇಲೆ ನಾನು ಕಟ್ಟಿಕೊಟ್ಟ 1000ದ ಕರ್ನಲ್ ತೆಗೆದು ಡಿಸ್ಟ್ರೋದವರ 250ನ್ನೇ ವಾಪಸ್ ಹಾಕಿ ಬಂದೆ, ಪ್ರತಿ ಅಪ್‌ಡೇಟ್‌ಗೂ ಅವನಿಗೆ ಕರ್ನಲ್ ಕಂಪೈಲ್ ಮಾಡಿಕೊಡುತ್ತಾ ಕೂರೋದು ಯಾರಿಗೆ ಬೇಕು.